ಬೂದಿಗೆರೆಯಾಚೆಯ ಕೂಗು

ಕೂತಿರಾ? ಕೂತುಕೊಳ್ಳಿ. ಹೂಂಗುಟ್ಟುವವರು ಮುಂದೆ ಬನ್ನಿ. ತೂಕಡಿಸುವವರು ಗೋಡೆಗೆ ಹೋಗಿ. ಹೇಳುವವನಿಗೆ ಬಾಯಿ ಒಂದು, ಕೇಳುವವರಿಗೆ ಕಿವಿ ಎರಡು. ಅಷ್ಟೇ ಲೆಕ್ಕ. ಕೇಳಿ.

ಒಂದಾನೊಂದು ಕಾಲ. ಒಂದು ಹೊಳೆ. ಹೊಳೆಯ ದಂಡೆಗೊಂದು ಊರು. ಊರಿನ ಹೆಸರು ಕೇಳಬೇಡಿ. ಮನೆಗಳನ್ನು ಒಯ್ದ ಹೊಳೆ ಹೆಸರನ್ನು ಬಿಟ್ಟೀತೇ?

ಆ ಊರಲ್ಲಿ ಕಾಶವ್ವ ಅಂತ ಒಬ್ಬಳು. ಗಂಡ ಇಲ್ಲ. ಬಾಯಿ ಇತ್ತು. ಅವಳು ಬೈದರೆ ಮೂರು ಓಣಿಯ ನಾಯಿಗಳು ಬಾಲ ಮಡಚುತ್ತಿದ್ದವು. ಅವಳಿಗೊಬ್ಬ ಮಗ, ಯಮನಪ್ಪ. ಆಳು ಎತ್ತರ, ಎದೆ ಅಗಲ, ಧೈರ್ಯ ಸಾಸಿವೆ ಕಾಳು. ಒಬ್ಬಳು ಸೊಸೆ, ಹೊನ್ನವ್ವ. ಹೊನ್ನವ್ವನ ಮಡಿಲಲ್ಲಿ ಹಲ್ಲು ಬಾರದ ಕೂಸು. ಮತ್ತೆ ಒಂದು ಎಮ್ಮೆ. ಮನೆಯವರ ಲೆಕ್ಕದಲ್ಲಿ ಎಮ್ಮೆ ಯಾಕೆ ಅಂತೀರಾ? ಕಾಶವ್ವ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದಳು. ಅದಕ್ಕೆ.

ಅತ್ತೆ ಬೈಯುವಳು, ಸೊಸೆ "ಹೂಂ ರೀ ಅತ್ತಿ" ಅನ್ನುವಳು. ರೊಟ್ಟಿ ಹರಿದರೆ ಬೈಗುಳ. ಕೊಡ ತುಳುಕಿದರೆ ಬೈಗುಳ. ಏನೂ ಆಗದಿದ್ದರೆ, ಏನೂ ಯಾಕೆ ಆಗಲಿಲ್ಲ ಅಂತ ಬೈಗುಳ. ಹೊನ್ನವ್ವ ಹಾವಿಗೆ ಅಂಜುತ್ತಿರಲಿಲ್ಲ, ಕತ್ತಲೆಗೆ ಅಂಜುತ್ತಿರಲಿಲ್ಲ. ಅತ್ತೆಯ ಬಾಯಿಗೆ ಅಂಜುತ್ತಿದ್ದಳು.

ಒಂದು ಮಳೆಗಾಲ. ಮೇಲಿನ ಸೀಮೆಯಲ್ಲಿ ಮಳೆ ಹಿಡಿಯಿತು, ಬಿಡಲಿಲ್ಲ. ಇರುವೆಗಳು ಮೊಟ್ಟೆ ಕಚ್ಚಿಕೊಂಡು ಹೊರಟವು. ಕಪ್ಪೆಗಳು ಹೊರಟವು. ಇಲಿಗಳು ಹಗಲಲ್ಲೇ ಸಾಲು ಹಿಡಿದು ಹೊರಟವು. ಮನುಷ್ಯ ಹೊರಡಲಿಲ್ಲ. ಮನುಷ್ಯನಿಗೆ ಮನೆ ಇತ್ತಲ್ಲ!

ಹೊಳೆ ಮಧ್ಯಾಹ್ನ ಬಂತು. ಹಂಚಿನ ಮೇಲೆ ರೊಟ್ಟಿ ಇತ್ತು. ಮೊದಲು ಸದ್ದು ಬಂತು, ನೂರು ಚಕ್ಕಡಿ ಒಮ್ಮೆಲೇ ಓಡಿದ ಹಾಗೆ. ಆಮೇಲೆ ವಾಸನೆ ಬಂತು, ಹಸಿ ಮಣ್ಣಿನದು, ಸತ್ತ ಮೀನಿನದು. ಆಮೇಲೆ ನೀರು ಬಂತು.

ಊರಿಗೆ ಊರೇ ಎದ್ದು ಓಡಿತು. ಓಡುವುದೆಲ್ಲಿಗೆ? ಸುತ್ತ ಕಪ್ಪು ಎರೆಹೊಲ, ತಟ್ಟೆಯ ಹಾಗೆ ಸಪಾಟು. ಎತ್ತರ ಅಂತ ಇದ್ದದ್ದು ಒಂದೇ. ಸುಡುಗಾಡು ದಿಬ್ಬ. ಹೂಳುವವರನ್ನು ಅಲ್ಲೇ ಹೂಳುತ್ತಿದ್ದರು, ಸುಡುವವರನ್ನು ಅಲ್ಲೇ ಸುಡುತ್ತಿದ್ದರು. ಬದುಕಿದ್ದಾಗ ಯಾರೂ ಆ ಕಡೆ ತಲೆ ಹಾಕಿ ಮಲಗುತ್ತಿರಲಿಲ್ಲ. ಈಗ ಬದುಕಬೇಕಾದರೆ ಅಲ್ಲಿಗೇ ಓಡಬೇಕು. ಹೊಳೆ ಎಂಥಾ ಆಟ ಆಡುತ್ತದೆ ನೋಡಿ!

ಕಾಶವ್ವನ ಬಗಲಲ್ಲಿ ಕೂಸು. ಯಮನಪ್ಪನ ತಲೆ ಮೇಲೆ ಜೋಳದ ಚೀಲ. ಹಿಂದೆ ಹೊನ್ನವ್ವ, ಅರಿವೆಯ ಗಂಟು ಹೊತ್ತು. ಊರಬಾಗಿಲ ಅಗಸೆ ದಾಟಿದರು. ಆಗ ಕಾಶವ್ವನಿಗೆ ನೆನಪಾಯಿತು.

"ಏ ಹೊನ್ನವ್ವಾ, ಎಮ್ಮಿ! ಕಟ್ಟಿದ್ದು ಕಟ್ಟಿದಂಗ ಐತಿ. ಓಡು, ಕಣ್ಣಿ ಬಿಚ್ಚಿ ಬಾ."

"ನೀರು ಬಂತಲ್ರೀ ಅತ್ತಿ..."

"ಇನ್ನಾ ಮೊಣಕಾಲು ಸೈತ ಮುಟ್ಟಿಲ್ಲ. ಮೂಕ ಪ್ರಾಣಿ ಕಟ್ಟಿ ಸಾಯಿಸ್ತೀಯೇನು? ಅಂಜಬುರುಕಿ! ಓಡು!"

"ಹೂಂ ರೀ ಅತ್ತಿ" ಅಂದಳು ಹೊನ್ನವ್ವ. ಗಂಟು ಇಳಿಸಿದಳು. ಓಡಿದಳು.

ಹೋದವಳು ಹೋದಳು.

ದಿಬ್ಬ ಹತ್ತಿ ತಿರುಗಿ ನೋಡಿದರೆ ಊರಿಲ್ಲ. ಮಣ್ಣಿನ ಮನೆ ನೀರಲ್ಲಿ ಬೆಲ್ಲ. ಧಪ್ ಅಂತ ಒಂದು ಮಾಳಿಗೆ ಕೂತಿತು. ಧಪ್ ಅಂತ ಇನ್ನೊಂದು. ಪ್ರತಿ ಧಪ್‌ಗೆ ದಿಬ್ಬದ ಮೇಲೆ ಒಬ್ಬರು ಅಳುತ್ತಿದ್ದರು. ಯಾವ ಸದ್ದು ಯಾವ ಮನೆಯದು ಅಂತ ಅವರವರಿಗೆ ತಿಳಿಯುತ್ತಿತ್ತು. ಕಾಶವ್ವನ ಮನೆಯೂ ಬಿತ್ತು. ಅವಳು ಆ ಸದ್ದು ಕೇಳಲಿಲ್ಲ. ಅವಳ ಕಣ್ಣು ದಾರಿಯ ಮೇಲಿತ್ತು. ದಾರಿ ಎಲ್ಲಿ? ಬರೀ ನೀರು. ನೀರಿನ ಮೇಲೆ ಒಂದು ತೊಟ್ಟಿಲು ಹೋಯಿತು. ಒಂದು ಚಕ್ಕಡಿ ಹೋಯಿತು. ಒಂದು ಕೋಳಿ ಹೋಯಿತು, ತೇಲುವ ಕದದ ಮೇಲೆ ನಿಂತು. ಹೊನ್ನವ್ವ ಬರಲಿಲ್ಲ.

ಕೇಳಿದಿರಾ? ಈಗ ನಿಜವಾದ ಅಂಜಿಕೆ ಶುರು.

ಆ ಊರಿಗೊಬ್ಬ ಹಿರಿಯ, ದುರಗಪ್ಪಜ್ಜ. ದೆವ್ವ ಬಿಡಿಸುವವನು, ಕಾಲಜ್ಞಾನ ಬಲ್ಲವನು. ಅವನು ಎಲ್ಲರನ್ನೂ ನಿಲ್ಲಿಸಿ ಹೇಳಿದ:

"ಇದು ನಮ್ಮ ಜಾಗ ಅಲ್ಲ. ಕೆಳಗ ಮಲಗಿದವರದು. ಅವರನ್ನ ಕೇಳದ ಬಂದೀವಿ. ಬಯಲಾಗ ಉರುಳಿದಿರೋ, ಇವರೂ ನಮ್ಮವರs ಅಂತ ತಿಳಿದು ಎಳಕೊಂಡು ಹೋಗ್ತಾರ. ಮನಿ ಮಾಡ್ಕೊಂಡು ಇರ್ರಿ. ಮನಿ ಇದ್ದಾವ ಬದುಕಿದಾವ."

"ಮನಿ ಹೆಂಗ ಮಾಡೂದೋ ಅಜ್ಜಾ? ಗ್ವಾಡಿ ಇಲ್ಲ, ಮಾಳಿಗಿ ಇಲ್ಲ."

"ಗೆರಿ ಎಳೀರಿ."

ಗೆರೆ ಎಳೆದರು. ಯಾತರಿಂದ? ಬೂದಿಯಿಂದ. ಸುಡುಗಾಡಿನಲ್ಲಿ ಬೂದಿಗೇನು ಬರ? ಯಾರ ಅಜ್ಜನೋ, ಯಾರ ಮಾವನೋ, ಹಿಡಿ ಹಿಡಿ ತೆಗೆದು ಗೆರೆ ಎಳೆದರು. ಮಳೆ ಅಳಿಸುತ್ತಿತ್ತು. ಮತ್ತೆ ಎಳೆಯುತ್ತಿದ್ದರು.

ಹೆಂಗಿದ್ದ ಮನೆ ಹಂಗೇ ಎಳೆದರು. ಪಡಸಾಲೆ, ಅಡುಗೆಮನೆ, ದನದ ಕೊಟ್ಟಿಗೆ. ಸೊಟ್ಟ ಗೋಡೆ ಇದ್ದವರು ಸೊಟ್ಟ ಗೆರೆ ಎಳೆದರು. ಗಿಡ್ಡ ಬಾಗಿಲಿದ್ದವರು ಬಗ್ಗಿ ಒಳಗೆ ಹೋದರು. ಒಬ್ಬ ಮುದುಕ ಪಡಸಾಲೆಗೆ ಬಂದ, ರೂಢಿಯ ಹಾಗೆ ರುಮಾಲು ತೆಗೆದ, ಗೂಟಕ್ಕೆ ಹಾಕಿದ. ರುಮಾಲು ಕೆಸರಿಗೆ ಬಿತ್ತು. ಅಲ್ಲಿಯವರೆಗೆ ಅವನು ಅತ್ತಿರಲಿಲ್ಲ. ಆಗ ಅತ್ತ.

ಕಾಶವ್ವನೂ ಎಳೆದಳು. ಅಡುಗೆಮನೆ ಎಳೆದಳು. ಪಡಸಾಲೆ ಎಳೆದಳು. ಕೊಟ್ಟಿಗೆ ಎಳೆಯಲು ಬಗ್ಗಿದಳು. ಕೈಯಲ್ಲಿದ್ದ ಬೂದಿ ಕೈಯಲ್ಲೇ ಉಳಿಯಿತು. ಕೊಟ್ಟಿಗೆ ಎಳೆಯಲಿಲ್ಲ.

ಪಕ್ಕದ ಮನೆ ಸಂಕವ್ವನದು. ಕೆಳಗೆ ಊರಲ್ಲೂ ಪಕ್ಕ, ಮೇಲೆ ಸುಡುಗಾಡಲ್ಲೂ ಪಕ್ಕ. ನಡುಗೋಡೆ ಒಂದೇ. ಸಂಕವ್ವನ ಬಾಯಿ ಕಾಶವ್ವನ ಬಾಯಿಗೆ ತಂಗಿ. ಅವಳಿಗೂ ಮೊಲೆ ಕುಡಿಯುವ ಕೂಸಿತ್ತು. ಹೊನ್ನವ್ವನ ಕೂಸು ಹಸಿದು ಕಿರುಚಿತು. ಕಾಶವ್ವ ಏನು ಮಾಡಿಯಾಳು? ಒಣ ಮೊಲೆ, ಒಣ ಬಾಯಿ. ಕೂಸನ್ನು ಎತ್ತಿ ಗೆರೆಯ ಮೇಲಿಂದ ಚಾಚಿದಳು.

"ಏ! ಗ್ವಾಡಿ ಮ್ಯಾಲಿಂದ ಕೂಸು ಕೊಡ್ತಾರೇನ?" ಅಂದಳು ಸಂಕವ್ವ. "ಬಾಗಿಲಿಂದ ಬಾ."

"ಎಲ್ಲೈತೇ ಗ್ವಾಡಿ? ಕಣ್ಣಾಗ ಬೂದಿ ಬಿದ್ದೈತೇನ?"

"ಗ್ವಾಡಿ ಇಲ್ಲಂದ್ರ ನಾವು ಬದುಕಿಲ್ಲ ಅಂತ ಆತು. ಅಜ್ಜ ಹೇಳಿದ್ದು ಕೇಳಲಿಲ್ಲೇನು? ಸುತ್ತಿ ಬಾ."

ಸುತ್ತಿ ಹೋದಳು. ತನ್ನ ಬಾಗಿಲಿಂದ ಹೊರಗೆ, ಅವಳ ಬಾಗಿಲಿಂದ ಒಳಗೆ. ಸಂಕವ್ವ ಕೂಸನ್ನು ಇಸಕೊಂಡಳು, ಮೊಲೆಗೆ ಹಚ್ಚಿದಳು. ಬೈಯುತ್ತಲೇ ಹಚ್ಚಿದಳು. ಹೊತ್ತು ಹೊತ್ತಿಗೆ ಹೀಗೆ ಕೂಸು ಬಾಗಿಲಿಂದ ಹೋಯಿತು, ಬಾಗಿಲಿಂದ ಬಂತು. ಜೋಳ ಬೇಯಿಸಿದವರು ಕೊಟ್ಟರು, ಇಲ್ಲದವರು ಬೊಗಸೆ ಹಿಡಿದರು. ಕೊಡುವುದೂ ಬಾಗಿಲಲ್ಲಿ, ಬೇಡುವುದೂ ಬಾಗಿಲಲ್ಲಿ. ಯಾರೂ ಯಾರ ಗೋಡೆಯನ್ನೂ ದಾಟಲಿಲ್ಲ.

ಮುಸ್ಸಂಜೆಯಾಯಿತು. ಬುಟ್ಟಿ ಬೋರಲು ಹಾಕಿ ಅದರ ಮರೆಯಲ್ಲಿ ಮನೆಗೊಂದು ದೀಪ ಹಚ್ಚಿದರು. ಗಾಳಿ ಬಿತ್ತು. ಹೊಳೆಯ ಮೊರೆತ ಸ್ವಲ್ಪ ತಗ್ಗಿತು. ಮಳೆ ಜಿಟಿಜಿಟಿ. ಮಾರು ದೂರದಾಚೆ ಎಲ್ಲಾ ಬೂದು ಬಣ್ಣ.

ಆ ಬೂದಿನೊಳಗಿಂದ ಬಂತು.

"ಅತ್ತೀ..."

ದಿಬ್ಬಕ್ಕೆ ದಿಬ್ಬವೇ ಉಸಿರು ಹಿಡಿಯಿತು.

"ಅತ್ತೀ..."

ಯಾರ ದನಿ? ಗೊತ್ತಿಲ್ಲವೇ? ಬಾವಿಯ ಕಟ್ಟೆಯಲ್ಲಿ ಎಲ್ಲರೂ ಕೇಳಿದ ದನಿ. ಕಾಶವ್ವನ ಬಾಯಿ ತೆರೆಯಿತು. ದುರಗಪ್ಪಜ್ಜನ ಕೈ ಮೊದಲು ಬಂತು, ಅವಳ ಬಾಯಿ ಮುಚ್ಚಿತು.

"ಓ ಅನ್ನಬ್ಯಾಡ! ಎಣಿಸು."

ನಿಮಗೂ ಗೊತ್ತಿದೆ ಈ ಮಾತು. ನಿಮ್ಮ ಅಜ್ಜಿಯೂ ಹೇಳಿದ್ದಾಳೆ. ಹೊತ್ತು ಮುಳುಗಿದ ಮೇಲೆ ಯಾರಾದರೂ ಕರೆದರೆ ಒಮ್ಮೆಗೆ ಓ ಅನ್ನಬಾರದು. ಎರಡಕ್ಕೂ ಅನ್ನಬಾರದು. ಬದುಕಿದವರು ಮೂರು ಸಲ ಕರೆಯುತ್ತಾರೆ. ಸತ್ತವರಿಗೆ ಎರಡೇ. ಎರಡಕ್ಕೆ ಓಗೊಟ್ಟರೆ ಅವರ ಜೊತೆ ಹೋದ ಹಾಗೆ. ಆ ಊರಲ್ಲಿ ಕೂಸಿಗೆ ಅಪ್ಪ ಅನ್ನಲು ಕಲಿಸುವ ಮೊದಲು ಇದನ್ನು ಕಲಿಸುತ್ತಿದ್ದರು.

ಕಾಶವ್ವ ಎಣಿಸಿದಳು. ಒಂದು ಆಯಿತು. ಎರಡು ಆಯಿತು. ಮೂರಕ್ಕೆ ಕಿವಿ ಚಾಚಿದಳು. ಕರಿಯೇ ಹೊನ್ನವ್ವಾ, ಇನ್ನೊಂದು ಸಲ ಕರಿ. ಮನಸಿನೊಳಗೇ ಬೇಡಿದಳು. ಸೊಸೆಯನ್ನು ಅವಳು ಬೇಡಿದ್ದು ಅದೇ ಮೊದಲು.

ಮೂರನೆಯದು ಬರಲಿಲ್ಲ.

"ನೋಡಿದ್ರಾ?" ಅಂದ ಅಜ್ಜ, ಮೆಲ್ಲಗೆ. "ಹೋಗ್ಯಾಳ. ಕರಿಯಾಕ ಬಂದಾಳ."

ಹೆಂಗಸರು ಬೂದಿಗೆರೆಯನ್ನು ಇನ್ನಷ್ಟು ದಪ್ಪ ಮಾಡಿದರು. ಯಮನಪ್ಪ ಮೂಲೆಯಲ್ಲಿ ಕೂತ. ಮೂಲೆ ಅಂದರೆ ಎರಡು ಗೆರೆ ಕೂಡಿದ ಜಾಗ. ಮಂಡಿಯೊಳಗೆ ಮುಖ ಹಾಕಿದ. ಹೊಳೆ ಈಜಿ ಪಂದ್ಯ ಗೆದ್ದವನು. ಕಿವಿಗೆ ಅರಿವೆ ತುರುಕಿಕೊಂಡ.

ಮರುದಿನ ನೀರು ಏರಿತು. ದಿಬ್ಬ ಚಿಕ್ಕದಾಯಿತು. ಹಾವುಗಳು ಮೇಲೆ ಬಂದವು. ಯಾರೂ ಹೊಡೆಯಲಿಲ್ಲ. ಅವಕ್ಕೂ ಮನೆ ಹೋಗಿತ್ತು. ಒಂದು ನಾಗರ ಸಂಕವ್ವನ ನಡುಗೋಡೆ ದಾಟಿ, ಪಡಸಾಲೆ ಹಾದು, ಅಡುಗೆಮನೆಯಲ್ಲಿ ಸುರುಳಿ ಸುತ್ತಿತು.

"ನೋಡ್ರಿ, ನೋಡ್ರಿ, ಬಾಗಿಲಿದ್ರೂ ಗ್ವಾಡ್ಯಾಗ ಹಾದು ಬಂತು" ಅಂದಳು ಸಂಕವ್ವ. ನಗು ಬರಲಿಲ್ಲ ಅವಳಿಗೆ. ಯಾರಿಗೂ ಬರಲಿಲ್ಲ. ಗೋಡೆ ಇಲ್ಲ ಅಂತ ಹಾವಿಗೆ ಗೊತ್ತಾಗಿತ್ತು. ಕೆಳಗಿನವರಿಗೂ ಗೊತ್ತಾದರೆ?

ಹಗಲೆಲ್ಲಾ ಹೊಳೆ ಮೊರೆಯಿತು. ಪಕ್ಕದವರ ಮಾತು ಕೇಳಬೇಕಾದರೆ ಕಿವಿಗೆ ಬಾಯಿ ಇಡಬೇಕು. ಮುಸ್ಸಂಜೆಗೆ ಮತ್ತೆ ಗಾಳಿ ಬಿತ್ತು. ದೀಪ ಹಚ್ಚಿದರು.

"ಅತ್ತೀ..."

"ಅತ್ತೀ..."

ಇಂದು ಹತ್ತಿರ ಅನಿಸಿತು. ಮಕ್ಕಳು ತಾಯಂದಿರ ಸೆರಗಿನೊಳಗೆ ಹೊಕ್ಕವು. ಕೂಸು ಮಾತ್ರ ಆ ದನಿಯ ಕಡೆಗೆ ತಲೆ ತಿರುಗಿಸಿತು. ಕೈಕಾಲು ಬಡಿಯಿತು. ಕಾಶವ್ವ ಅದರ ಕಿವಿ ಮುಚ್ಚಿದಳು. ಹಲ್ಲು ಬಾರದ ಕೂಸು, ಓ ಅಂದುಬಿಟ್ಟರೆ? ಅಜ್ಜ ಬೇವಿನ ಸೊಪ್ಪು ನಿವಾಳಿಸಿ ನೀರಿಗೆಸೆದ.

"ನಿನ್ನದು ನಿನಗ, ನಮ್ಮದು ನಮಗ, ಹೋಗವ್ವಾ" ಅಂದ.

ಮೂರನೆಯ ಕೂಗು ಬರಲಿಲ್ಲ.

ಕಾಶವ್ವ ಗೆರೆಯೊಳಗೆ ಬಿದ್ದುಕೊಂಡಳು. ಕಣ್ಣು ಮುಚ್ಚಿದರೆ ಹೊನ್ನವ್ವ ಗಂಟು ಇಳಿಸುವುದು ಕಾಣುತ್ತಿತ್ತು. ಹೂಂ ರೀ ಅತ್ತಿ. ಗಂಟು ಇಳಿಸುವುದು, ಓಡುವುದು. ಸತ್ತವಳು ತನ್ನನ್ನೇ ಯಾಕೆ ಕರೆಯುತ್ತಾಳೆ? ಗಂಡನನ್ನು ಯಾಕೆ ಕರೆಯುವುದಿಲ್ಲ? ಕಾಶವ್ವನಿಗೆ ಗೊತ್ತಿತ್ತು ಯಾಕೆ ಅಂತ. ಕಳಿಸಿದವಳನ್ನೇ ಕರೆಯುತ್ತಾರೆ. ಹೆದರುವವರ ಮೇಲೆ ಹಾವೆಸೆದಂತೆ ಆಯಿತು ಅವಳ ಬಾಳು.

ಇನ್ನೊಂದು ಹಗಲು ಬಂತು, ಹೋಯಿತು. ಜೋಳ ತಳ ಕಂಡಿತು. ನೀರು ಕೊನೆಯ ಸಾಲಿನ ಮನೆಗಳ ಹೊಸ್ತಿಲಿಗೆ ಬಂತು. ಬೂದಿಯ ಹೊಸ್ತಿಲನ್ನು ನೆಕ್ಕಿತು. ಆ ಮನೆಯವರು ಮತ್ತೊಮ್ಮೆ ಮನೆ ಕಳೆದುಕೊಂಡರು. ಎದ್ದು ಮೇಲೆ ಬಂದು, ಚಿಕ್ಕದಾಗಿ ಇನ್ನೊಂದು ಎಳೆದರು.

ಮುಸ್ಸಂಜೆಯಾಯಿತು. ದೀಪ ಹಚ್ಚಿದರು. ಕಾದರು.

"ಅ...ತ್ತೀ..."

ಒಡಕು ದನಿ. ಹರಕು ಕೊಳಲು ಊದಿದ ಹಾಗೆ.

ಕಾದರು. ಎರಡನೆಯದು ಬರಲಿಲ್ಲ.

ದುರಗಪ್ಪಜ್ಜ ನಿಟ್ಟುಸಿರು ಬಿಟ್ಟ. "ಇಳೀತು ನೋಡ್ರಿ. ಎರಡು ಇದ್ದದ್ದು ಒಂದಾತು. ನಾಳಿಗೆ ಅದೂ ಇರೂದಿಲ್ಲ. ಬೇವು ಹತ್ತಿತು."

ಎಲ್ಲರೂ ಕೈ ಮುಗಿದರು. ಮೂರು ದಿನದಲ್ಲಿ ಮೊದಲ ಸಲ ಯಾರೋ ಕೆಮ್ಮಿದರು, ಯಾರೋ ನಕ್ಕರು.

ಕಾಶವ್ವ ನಗಲಿಲ್ಲ. ಅವಳ ತಲೆಯೊಳಗೆ ಆ ದನಿ ಕೊರೆಯುತ್ತಿತ್ತು. ಅವಳಿಗೂ ಒಂದು ಸಲ ಹಾಗಾಗಿತ್ತು. ಮೂರು ದಿನ ಬಿಡದೆ ಜಗಳಾಡಿದ್ದಳು, ನಾಲ್ಕನೇ ದಿನ ಬಾಯಿ ತೆರೆದರೆ ಇಂಥದೇ ದನಿ ಬಂದಿತ್ತು.

"ಅಜ್ಜಾ," ಅಂದಳು.

"ಏನs?"

"ದೆವ್ವಕ್ಕ ಗಂಟಲು ಕಟ್ಟತೈತೇನು?"

ಅಜ್ಜ ಅವಳನ್ನು ನೋಡಿದ. ಬೇವಿನ ಸೊಪ್ಪು ನೋಡಿದ. ಹೊಳೆ ನೋಡಿದ. "ಹಂಗೆಲ್ಲಾ ಕೇಳಬಾರದು" ಅಂದ.

ಈಗ ಕಾಶವ್ವನಿಗೆ ಎರಡು ಅಂಜಿಕೆ. ಕೇಳಿ, ಇದೇ ಕತೆಯ ಗಂಟು. ಓ ಅಂದು, ಅದು ಸತ್ತವಳಾದರೆ, ತಾನು ಹೋಗುತ್ತಾಳೆ. ಓ ಅನ್ನದೆ, ಅದು ಬದುಕಿದವಳಾದರೆ, ಅವಳು ಹೋಗುತ್ತಾಳೆ. ಇವತ್ತು ಒಂದು ಕೂಗು. ನಾಳೆ ಒಂದೂ ಇಲ್ಲ. ಯಾವ ಅಂಜಿಕೆ ದೊಡ್ಡದು? ತೂಗಲು ತಕ್ಕಡಿ ಎಲ್ಲಿ?

ಕಾಶವ್ವ ಎದ್ದಳು. ಮಂಡಿ ಕಟಕಟ ಅಂದವು. ಕೂಸನ್ನು ಎತ್ತಿದಳು. ನಡುಗೋಡೆಯ ಮೇಲಿಂದ ಸಂಕವ್ವನಿಗೆ ಚಾಚಿದಳು.

"ಏ, ಎಷ್ಟು ಸಲ ಹೇಳಬೇಕ ನಿನಗ, ಬಾಗಿಲ..." ಅಂತ ಶುರು ಮಾಡಿದಳು ಸಂಕವ್ವ. ಕಾಶವ್ವನ ಮುಖ ನೋಡಿದಳು. ಮಾತು ನುಂಗಿದಳು. ಗೋಡೆಯ ಮೇಲಿಂದಲೇ ಕೂಸನ್ನು ಇಸಕೊಂಡಳು.

ಕಾಶವ್ವ ತನ್ನ ಹೊಸ್ತಿಲಿಗೆ ಬಂದಳು.

"ಯವ್ವಾ, ಬ್ಯಾಡ" ಅಂದ ಯಮನಪ್ಪ, ಮೂಲೆಯಿಂದ.

"ಕಾಶವ್ವಾ!" ಅಂದ ಅಜ್ಜ. "ಆ ಗೆರಿ ದಾಟಿ ಓ ಅಂದಿ ಅಂದ್ರ, ತಿರುಗಿ ಒಳಗ ಬರಾಕ ಬಿಡಾಂಗಿಲ್ಲ. ನಿನ್ನ ಹಿಂದ ಅದೂ ಬರತೈತಿ. ಇಷ್ಟು ಮಂದಿ, ಇಷ್ಟು ಕೂಸು ಅದಾವ. ನಾ ಬಿಡಾಂಗಿಲ್ಲ."

ಅವನು ಕೆಟ್ಟವನಲ್ಲ. ಅವನಿಗೂ ಅಂಜಿಕೆ.

ಕಾಶವ್ವ ಗೆರೆ ದಾಟಿದಳು. ಒಂದು ಹೆಜ್ಜೆ, ಕಾಲು ತಣ್ಣಗಾಯಿತು. ಮತ್ತೊಂದು ಹೆಜ್ಜೆ, ಪಾದಕ್ಕೆ ಹೊಳೆ ತಾಗಿತು. ಕಣ್ಣು ಮುಚ್ಚಿದಳು. ಬಾಯಿ ತೆರೆದಳು.

"ಓ...!"

ದಿಬ್ಬದ ಮೇಲೆ ಹೆಂಗಸರು ಚೀರಿದರು. ದೀಪಗಳನ್ನು ಊದಿ ಆರಿಸಿದರು.

ಏನೂ ಆಗಲಿಲ್ಲ. ಯಾರೂ ಎಳೆಯಲಿಲ್ಲ. ಹೊಳೆ ಅಷ್ಟೇ, ಸುಳಿ ಅಷ್ಟೇ, ಕತ್ತಲೆ ಅಷ್ಟೇ. ಆ ಕಡೆಯಿಂದ ಸದ್ದಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. ತಡ ಮಾಡಿದೆನೇ? ಆಗಿಹೋಯಿತೇ? ಇಲ್ಲಾ ಅದು ಈಗ ಸದ್ದಿಲ್ಲದೆ ಬರುತ್ತಿದೆಯೇ, ನೀರಿನಡಿಯಲ್ಲಿ, ಕಾಲಿನ ಕಡೆಗೆ?

"ಓ ಹೊನ್ನವ್ವಾ...!" ಮತ್ತೊಮ್ಮೆ ಕೂಗಿದಳು.

ಆಗ ಬಂತು, ಬೂದು ಕತ್ತಲೊಳಗಿಂದ, ಗೊಗ್ಗರು ದನಿಯಲ್ಲಿ, ಅಳುತ್ತಾ:

"ಅತ್ತೀ... ನೀವು ಸತ್ತೀರೇನ್ರಿ?"

ಕಾಶವ್ವನ ಕಣ್ಣು ತೆರೆದವು.

"ಏನಂದಿ?"

"ಸತ್ತೀರೇನ್ರೀ ಅತ್ತಿ? ನೀವೆಲ್ಲಾರೂ?"

"ನಾ ಯಾಕ ಸಾಯಲೇ? ನೀ ಸತ್ತಿಯೇನ?"

"ನನಗ ಗೊತ್ತಾಗವಲ್ದ್ರಿ."

ಕಾಶವ್ವನಿಗೂ ಗೊತ್ತಾಗಲಿಲ್ಲ. ಸತ್ತವರೂ ಹೀಗೆ ಕೇಳಬಹುದು. ಏನು ಕೇಳಿದರೆ ನಿಜ ತಿಳಿದೀತು? ಅವಳಿಗೆ ಮಂತ್ರ ಬಾರದು. ಬೈಯಲು ಬರುತ್ತಿತ್ತು.

"ಏ ಖೋಡಿ, ಎಮ್ಮಿ ಎಲ್ಲೇ?"

ಆ ಕಡೆಯಿಂದ ಇನ್ನೂ ಸಣ್ಣ ದನಿ.

"ಎಮ್ಮಿ ಹೋತ್ರೀ ಅತ್ತಿ... ಕಣ್ಣಿ ಬಿಚ್ಚಿದೆ, ಕರಕೊಂಡು ಬರಾಕ ಆಗಲಿಲ್ಲ... ಬೈಬ್ಯಾಡ್ರಿ ಅತ್ತಿ..."

ಗೆರೆಯೊಳಗಿದ್ದ ಸಂಕವ್ವ ದಡಕ್ಕನೆ ಎದ್ದು ನಿಂತಳು. ಎರಡೂ ಬಗಲಲ್ಲಿ ಎರಡು ಕೂಸು.

"ಬದುಕ್ಯಾಳ!" ಅಂತ ಕಿರುಚಿದಳು. "ಬದುಕ್ಯಾಳ್ರೋ! ಸತ್ತಾಕಿ ಯಾವಾಕಿ ಅತ್ತಿ ಬೈಗಳಕ್ಕ ಅಂಜ್ಯಾಳ? ನಾ ಸತ್ರ ನಮ್ಮತ್ತಿ ಜುಟ್ಟs ಹಿಡೀತೇನಿ ಮದಲ! ಏ ಯಮನ್ಯಾ, ಕಿವ್ಯಾಗಿನ ಅರಿವಿ ತಗಿಯೋ ಮಳ್ಳ! ನಿನ್ನ ಹೇಣ್ತಿ ಅಲ್ಲಿ ಕುಂತು ಅಳಾಕತ್ಯಾಳ!"

ಯಮನಪ್ಪ ಅರಿವೆ ತೆಗೆದ.

"ಹೊನ್ನೀ...!" ಅಂತ ಕೂಗಿದ. ಅವನಿಗೆ ಗೆರೆ ಕಾಣಲಿಲ್ಲ. ಗೋಡೆ ಒಡೆದುಕೊಂಡೇ ಓಡಿದ.

ಆಮೇಲೆ ಯಾರ ಗೋಡೆಯನ್ನು ಯಾರು ತುಳಿದರೋ! ಒಬ್ಬ ಒಣ ಸೋರೆಬುರುಡೆ ತಂದ, ಯಮನಪ್ಪನ ಎದೆಗೆ ಕಟ್ಟಿದ. ಒಬ್ಬ ತೊಗಲಿನ ಮಿಣಿ ತಂದ, ಒಬ್ಬ ಕೊಡದ ಹಗ್ಗ ತಂದ, ಒಬ್ಬ ತೊಟ್ಟಿಲ ಹಗ್ಗ ತಂದ. ಹೆಂಗಸರು ಸೀರೆ ಹರಿದು ಗಂಟು ಹಾಕಿದರು. ಅಡುಗೆಮನೆ ಹಾದು, ಪಡಸಾಲೆ ಹಾದು, ದೇವರ ಮೂಲೆ ಹಾದು ಹಗ್ಗ ಇಳಿಯಿತು. ಆರಿಸಿದ ದೀಪಗಳನ್ನೆಲ್ಲಾ ಮತ್ತೆ ಹಚ್ಚಿ ನೀರಿನ ಅಂಚಿಗೆ ತಂದರು.

ಯಮನಪ್ಪ ನೀರಿಗಿಳಿದ. ನೀರು ಅವನನ್ನು ಎಳೆಯಿತು, ಜನ ಹಗ್ಗ ಹಿಡಿದರು. ನೀರು ಮುಳುಗಿಸಿತು, ಬುರುಡೆ ಎತ್ತಿತು. ನೀರು ತಿರುಗಿಸಿತು, ಕಾಶವ್ವ ದಂಡೆಯಿಂದ ಕೂಗಿದಳು:

"ಹೊನ್ನವ್ವಾ, ಓ ಅನ್ನಲೇ! ಅವಗ ದಾರಿ ತಿಳೀಲಿ!"

"ಓ..."

"ಇನ್ನೊಮ್ಮಿ!"

"ಓ..."

"ನಿಂದ್ರಬ್ಯಾಡ, ಅನ್ನಕೋತs ಇರು!"

ಆ ದನಿ ಹಿಡಿದುಕೊಂಡು ಅವನು ಹೋದ. ಹಗ್ಗ ಬಿಗಿಯಿತು. ಸಡಿಲವಾಯಿತು. ಬಹಳ ಹೊತ್ತು ಸಡಿಲವಾಗಿಯೇ ಇತ್ತು. ಕಾಶವ್ವ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಸೊಸೆಯನ್ನು ಕಳಿಸಿದ್ದಳು, ಈಗ ಮಗನನ್ನೂ ಕಳಿಸಿದಳು.

ಹಗ್ಗ ಮೂರು ಸಲ ಜಗ್ಗಿತು.

"ಎಳೀರಿ!"

ಎಳೆದರು. ದುರಗಪ್ಪಜ್ಜನೂ ಎಳೆದ. ಕೆಸರು ನೀರಿನಲ್ಲಿ ಎರಡು ತಲೆ ಕಂಡವು.

ಹೊನ್ನವ್ವ ದಂಡೆಗೆ ಬಿದ್ದಳು. ತುಟಿ ನೀಲಿ, ಕೈ ಬಿಳಿ, ಬಾಯಿ ತುಂಬಾ ಹಸಿವಿಗೆ ಅಗಿದ ಕಣಿಕೆಯ, ಜೋಳದ ದಂಟಿನ, ಸಿಪ್ಪೆ. ಸಂಕವ್ವ ಕೂಸನ್ನು ಅವಳ ಎದೆಯ ಮೇಲೆ ಇಟ್ಟಳು. ಕಾಶವ್ವ ಹತ್ತಿರ ಬಂದಳು. ಹೊನ್ನವ್ವ ತಲೆ ತಗ್ಗಿಸಿದಳು, ಬೈಗುಳಕ್ಕೆ. ಕಾಶವ್ವ ಬಾಯಿ ತೆರೆದಳು. ಬಂದದ್ದು ಒಂದೇ.

"ಓ" ಅಂದಳು. "ಓ, ನನ್ನವ್ವಾ. ಓ."

ಮತ್ತೆ ಮತ್ತೆ ಅದನ್ನೇ ಅಂದಳು. ಮೂರು ದಿನದ ಬಾಕಿ.

ಬಿಸಿ ಗಂಜಿ ಒಳಗೆ ಹೋದ ಮೇಲೆ ಹೊನ್ನವ್ವ ಹೇಳಿದಳು. ಎಮ್ಮೆಯ ಬಾಲ ಹಿಡಿದಳಂತೆ. ಎಮ್ಮೆ ಈಜಿತಂತೆ. ದಿಬ್ಬದ ಕೆಳಗೆ ಜಾಲಿಮರಕ್ಕೆ ಒಂದು ಕಣಿಕೆಯ ಬಣವೆ ತೇಲಿ ಬಂದು ಸಿಕ್ಕಿಕೊಂಡಿತ್ತಂತೆ. ಅವಳು ಅದರ ಮೇಲೆ ಹತ್ತಿದಳು. ಎಮ್ಮೆಗೆ ಹತ್ತಲಾಗಲಿಲ್ಲ. ಅವಳ ಕಣ್ಣೆದುರೇ ಹೋಯಿತು.

"ಹಗಲೆಲ್ಲಾ ಒದರಿದೆ. ನೀರಿನ ಸಪ್ಪಳದಾಗ ನನ್ನ ದನಿ ನನಗs ಕೇಳಿಸ್ತಿರಲಿಲ್ಲ. ಮಳ್ಯಾಗ ಏನೂ ಕಾಣಿಸ್ತಿರಲಿಲ್ಲ. ಸಂಜಿಗೆ ದೀಪ ಕಂಡ್ವು."

"ದೀಪ ಕಂಡ್ರ ಮೂರು ಸಲ ಯಾಕ ಕರೀಲಿಲ್ಲಲೇ ಹುಚ್ಚಿ?" ಅಂದಳು ಕಾಶವ್ವ.

ಹೊನ್ನವ್ವ ಕೂಸನ್ನು ಅವುಚಿಕೊಂಡಳು.

"ಹೆಂಗ ಕರೀಲ್ರಿ? ಊರು ಮುಳುಗೇತಿ. ಸುಡುಗಾಡಿನ ಮ್ಯಾಲ ಸಾಲಾಗಿ ದೀಪ. ಓಣಿ ಓಣಿ, ಮನಿ ಮನಿ, ನಮ್ಮೂರು ಹೆಂಗಿತ್ತೋ ಹಂಗ. ಸುಡುಗಾಡಿನ್ಯಾಗ ಮನಿ ಮಾಡೋರು ಯಾರ್ರಿ? ನೀವೆಲ್ಲಾ ಸತ್ತು ಅಲ್ಲಿ ಸಂಸಾರ ಹೂಡೀರಿ ಅಂದ್ಕೊಂಡೆ. ತಡೀಲಾರದ ಒಮ್ಮಿ ಕರದೆ. ಎರಡು ಸಲ ಕರದೆ. ಯಾರೂ ಓ ಅನ್ನಲಿಲ್ಲ. ಬದುಕಿದವರಾಗಿದ್ರ ಅಂತಿದ್ರು. ಸತ್ತವರನ್ನ ಮೂರನೇ ಸಲ ಕರದ್ರ ಓಗೊಡ್ತಾರ, ಬಂದು ಒಯ್ತಾರ ಅಂತ ಅಂಜಿ ಬಾಯಿ ಮುಚ್ಕೊಂಡೆ."

ಕೇಳಿದಿರಾ? ಈ ಕಡೆಯವರು ಮೂರನೆಯದಕ್ಕೆ ಕಾದು ಕೂತರು. ಆ ಕಡೆಯವಳು ಮೂರನೆಯದಕ್ಕೆ ಅಂಜಿ ಕೂತಳು. ನಡುವೆ ಎಷ್ಟು ದೂರ? ಒಂದು ತೊಟ್ಟಿಲ ಹಗ್ಗ, ಒಂದು ಕೊಡದ ಹಗ್ಗ, ನಾಲ್ಕು ಸೀರೆ.

ಒಬ್ಬ ಎದ್ದು ಹೋದ. ದುರಗಪ್ಪಜ್ಜ. ನೀರಿನ ಅಂಚಿನಲ್ಲಿ ಬೆನ್ನು ತಿರುಗಿಸಿ ಕೂತ. ಕಾಶವ್ವ ಗಂಜಿ ಒಯ್ದಳು.

"ಉಣ್ಣು ಅಜ್ಜಾ. ನಿನ್ನ ಮ್ಯಾಲ ನನಗ ಸಿಟ್ಟಿಲ್ಲ."

ಅವನು ಗಂಜಿ ಮುಟ್ಟಲಿಲ್ಲ.

"ನಾ ಹುಡುಗಿದ್ದಾಗ ಹಿಂಗs ಹೊಳಿ ಬಂದಿತ್ತು" ಅಂದ. "ನನ್ನ ತಮ್ಮ ನೀರಾಗ ಹೋದ. ಸಂಜಿಗೆ ಅಣ್ಣಾ ಅಂದ. ಅಣ್ಣಾ ಅಂದ. ನಾ ಎಣಿಸಿದೆ."

ಕಾಶವ್ವ ಅವನ ಪಕ್ಕ ಕೂತಳು.

ಮುದುಕ ಬಹಳ ಹೊತ್ತು ನೀರು ನೋಡಿದ. ಆಮೇಲೆ ಎರಡೂ ಕೈ ಬಾಯಿಗೆ ಹಚ್ಚಿದ. ಯಾರೂ ಕರೆದಿರಲಿಲ್ಲ.

"ಓ...!" ಅಂದ.

ನೀರು ಇಳಿಯಿತು. ಕೆಳಗೆ ಹೋಗಿ ನೋಡಿದರೆ ಮನೆ ಇಲ್ಲ, ಗುರುತಿಲ್ಲ, ಮೊಣಕಾಲು ಕೆಸರು. ಬೇರೆ ಕಡೆ, ಎತ್ತರ ನೋಡಿ, ಗುಡಿಸಲು ಹಾಕಿದರು. ಆಮೇಲೆ ಗೋಡೆ ಕಟ್ಟಿದರು. ಕಾಶವ್ವ, ಸಂಕವ್ವ ಮತ್ತೆ ಪಕ್ಕ ಪಕ್ಕ. ಮತ್ತೆ ಜಗಳ. ಅದೇನು ಬಿಡುತ್ತದೆಯೇ? ಕಾಶವ್ವ ಸೊಸೆಗೆ ಬೈಯುವುದನ್ನೂ ಬಿಡಲಿಲ್ಲ. ಆದರೆ ಹೊನ್ನವ್ವ "ಅತ್ತೀ" ಅಂದರೆ, ಬೈಗುಳದ ನಡುವೆಯೇ ನಿಲ್ಲಿಸಿ, ಮೊದಲು "ಓ" ಅನ್ನುತ್ತಿದ್ದಳು. ಆಮೇಲೆ ಉಳಿದದ್ದು ಬೈಯುತ್ತಿದ್ದಳು.

ಆ ಊರಲ್ಲಿ ಈಗಲೂ ಒಂದು ಪದ್ಧತಿ. ಮಳೆಗಾಲದಲ್ಲಿ, ಹೊಳೆ ಕೆಂಪಾದಾಗ, ದೀಪ ಹಚ್ಚುವ ಹೊತ್ತಿಗೆ ಮನೆಗೊಬ್ಬರು ಹೊಸ್ತಿಲ ಹೊರಗೆ ಬಂದು ನಿಲ್ಲುತ್ತಾರೆ. ಹೊಳೆಯ ಕಡೆ ಮುಖ ಮಾಡಿ "ಓ" ಅನ್ನುತ್ತಾರೆ. ಯಾರೂ ಕರೆದಿರುವುದಿಲ್ಲ. ಆದರೂ ಅನ್ನುತ್ತಾರೆ. ಅಂಜಿಕೆ ಹೋಗಿದೆಯೇ ಅಂತ ಕೇಳಬೇಡಿ. ಅಂಜುತ್ತಲೇ ಅನ್ನುತ್ತಾರೆ.

ಕತೆ ಹೊಳೆ ದಾಟಿತು, ದಂಡೆಗೆ ಮುಟ್ಟಿತು. ಹೇಳಿದವನ ಬಾಯಿ ಒಣಗಿತು, ಕೇಳಿದವರ ಕಾಲು ಜೋಮು ಹಿಡಿಯಿತು. ಏಳಿ, ಮನೆಗೆ ಹೋಗಿ. ದಾರಿಯಲ್ಲಿ ಯಾರಾದರೂ ಕರೆದರೆ ಎಣಿಸುತ್ತಾ ನಿಲ್ಲಬೇಡಿ.